ಅಪ್‌ಡೇಟ್: ಹಳೇಬೀಡು–ಬೆಳವಾಡಿ ಸೈಕಲ್‌ನಲ್ಲಿ ಹೋಗಿ ಬಂದೆ

ಹಾಸನದ ಕಡೆ ಲಾರಿ ಕಾಟ ಇಲ್ಲದ, ಕೆರೆ ಸಿಗುವ ರಸ್ತೆ ಯಾವುದಿದೆ ಅಂತ ಹೋದ ವಾರ ಕೇಳಿದ್ದೆನಲ್ಲ? ನೀವು ಹೇಳಿದ ಹಳೇಬೀಡು–ಬೆಳವಾಡಿ ದಾರಿಯನ್ನೇ ಹಿಡಿದೆ. ಒಂದು ಕಡೆಗೆ 10–12 ಕಿ.ಮೀ. ಅಷ್ಟೇ.

ಬೆಳಗ್ಗೆ 6ಕ್ಕೆ ಹಳೇಬೀಡಿನ ದ್ವಾರಸಮುದ್ರ ಕೆರೆ ಹತ್ತಿರ ನಿಂತಾಗ ನೀರಿನ ಮೇಲೆ ಇನ್ನೂ ಮಂಜಿತ್ತು. ಹೊರಡಲು ಮನಸ್ಸೇ ಬರಲಿಲ್ಲ. ಆಮೇಲೆ ಏರು, ಇಳಿಜಾರು, ಮತ್ತೆ ಏರು. ಸಣ್ಣ ಏರುಗಳೇ, ಆದರೆ ನನ್ನ ಗೇರಿಲ್ಲದ ಸೈಕಲ್ಲಿಗೆ ಅದೇ ಜಾಸ್ತಿ. ಎರಡು ಕಡೆ ಇಳಿದು ತಳ್ಳಿದೆ (ನಗಬೇಡಿ). ಎದುರಿಗೆ ಸಿಕ್ಕಿದ್ದು ಹಾಲಿನ ಕ್ಯಾನ್ ಕಟ್ಟಿದ ಬೈಕು, ಒಂದು ಟ್ರ್ಯಾಕ್ಟರ್, ದಾರಿ ಬಿಡದ ಕುರಿಮಂದೆ.

ಬೆಳವಾಡಿಯ ವೀರನಾರಾಯಣ ಗುಡಿಗೆ ಮೂರು ಗರ್ಭಗುಡಿ. ತಿರುಗಣೆಯಲ್ಲಿ ಕಡೆದಂತಿರುವ ಗುಂಡು ಕಂಬಗಳ ನಡುವೆ ಸುಮ್ನೆ ಅರ್ಧ ಗಂಟೆ ಕೂತೆ. ವಾಪಸ್ ಬರುವಾಗ ಬಿಸಿಲು, ಎದುರುಗಾಳಿ. ಮುಂದಿನ ಸಲ ಸಖರಾಯಪಟ್ಟಣದ ಅಯ್ಯನಕೆರೆ. ಯಾರಾದ್ರೂ ಬರ್ತೀರಾ?