ಎಸ್‌ಎಲ್‌ಡಿಸಿಯನ್ನು ಕೆಪಿಟಿಸಿಎಲ್‌ನಿಂದ ಬೇರ್ಪಡಿಸಿದರೆ ಏನು ಲಾಭ?

ತಂತಿಮನೆ: 1999ರಲ್ಲಿ ರಾಜ್ಯದ ವಿದ್ಯುತ್ ಪ್ರಸರಣ ಕಂಪನಿ ಕೆಪಿಟಿಸಿಎಲ್ ಬಂತು, 2002ರಲ್ಲಿ ವಿತರಣೆ ಎಸ್ಕಾಂಗಳಿಗೆ ಹೋಯಿತು. ಗ್ರಿಡ್‌ನಲ್ಲಿ ಯಾರು ಯಾವಾಗ ಎಷ್ಟು ವಿದ್ಯುತ್ ಹರಿಸಬೇಕೆಂದು ನಿಯಂತ್ರಿಸುವ ರಾಜ್ಯ ಲೋಡ್ ಡಿಸ್ಪ್ಯಾಚ್ ಸೆಂಟರನ್ನೂ (ಎಸ್‌ಎಲ್‌ಡಿಸಿ) ಬೇರೆ ಮಾಡಬೇಕು ಅನ್ನುವವರಿದ್ದಾರೆ. ಬರೀ ಹೆಸರಿನ ಬೋರ್ಡು ಬದಲಿಸಿದರೆ ಸಾಕೇ?

ಗ್ರಿಡ್‌ಭಟ್ಟ: ಸಾಲದು. 2003ರ ವಿದ್ಯುತ್ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಸರ್ಕಾರ ಬೇರೆ ಸಂಸ್ಥೆಯನ್ನು ಅಧಿಸೂಚಿಸುವವರೆಗೆ ಪ್ರಸರಣ ಸಂಸ್ಥೆಯೇ ಎಸ್‌ಎಲ್‌ಡಿಸಿ ನಡೆಸಬೇಕು. ಲೈನಿನ ಒಡೆಯನೇ ಯಾರ ವಿದ್ಯುತ್ ಕಡಿತ ಮಾಡಬೇಕೆಂದು ಹೇಳುವುದು ಸರಿಯೇ ಅನ್ನೋದು ವಾದ. ಪ್ರತ್ಯೇಕ ಬಜೆಟ್, ಸ್ವಂತ ಸಿಬ್ಬಂದಿ ಇಲ್ಲದಿದ್ದರೆ ಹೊಸ ಸಂಸ್ಥೆ ಕಾಗದದ ಮೇಲಷ್ಟೇ. ಇಂದು ಶೆಡ್ಯೂಲಿಂಗ್ ಮಾಡಿದ ಎಂಜಿನಿಯರ್ ನಾಳೆ ಅದೇ ಕಂಪನಿಯ ಸಬ್‌ಸ್ಟೇಷನ್‌ಗೆ ವರ್ಗವಾದರೆ ಸ್ವಾತಂತ್ರ್ಯ ಎಲ್ಲಿ?

ಟವರ್‌ಗೌಡ: ಒಪ್ಪಿದೆ. ಆದರೆ ಲೈನೇ ತುಂಬಿದ್ದರೆ ಯಾವ ಸಂಸ್ಥೆ ಬಂದರೂ ಅಷ್ಟೇ. ಡಬಲ್ ಸರ್ಕ್ಯೂಟ್‌ನಲ್ಲಿ (ಒಂದೇ ಟವರಿನ ಮೇಲೆ ಎರಡು ಲೈನು) ಒಂದು ಟ್ರಿಪ್ ಆದರೆ ಇನ್ನೊಂದು ಪೂರ್ತಿ ಹೊರೆ ಹೊರಬೇಕು, ಅದಕ್ಕೇ ಎರಡನ್ನೂ ತುಂಬಿಸುವಂತಿಲ್ಲ. ಹೊಸ 220 ಕೆವಿ ಲೈನಿಗೆ 35 ಮೀಟರ್ ಅಗಲದ ಕಾರಿಡಾರ್ ಬೇಕು, ಅಲ್ಲಿ ರೈತರ ಪರಿಹಾರದ ಜಗಳ. ಹಳೆ ಟವರಿಗೇ ಹೆಚ್ಚು ಬಿಸಿಯಾದರೂ ಕಡಿಮೆ ಜೋಲುವ ಎಚ್‌ಟಿಎಲ್‌ಎಸ್ ಕಂಡಕ್ಟರ್ (ತಂತಿ) ಎಳೆದರೆ ಸುಮಾರು ಎರಡು ಪಟ್ಟು ಕರೆಂಟ್ ಸಾಗಿಸಬಹುದು.

ತಂತಿಮನೆ: ಅಷ್ಟು ಸುಲಭವೇ?

ಟವರ್‌ಗೌಡ: ಲೈನಿನ ಎರಡೂ ತುದಿಯ ಸಬ್‌ಸ್ಟೇಷನ್ ಉಪಕರಣಗಳು, ಅಂದರೆ ಸಿಟಿ (ಕರೆಂಟ್ ಅಳೆಯುವ ಟ್ರಾನ್ಸ್‌ಫಾರ್ಮರ್), ಐಸೊಲೇಟರ್, ವೇವ್‌ಟ್ರ್ಯಾಪ್ ಹಳೆಯವೇ ಉಳಿದರೆ ಮಿತಿ ಅಲ್ಲೇ ನಿಲ್ಲುತ್ತದೆ. ದೋಷ ಕಂಡಾಗ ಲೈನ್ ಟ್ರಿಪ್ ಮಾಡಿಸುವ ರಿಲೇಯ ಸೆಟ್ಟಿಂಗೂ ಬದಲಾಗಬೇಕು. ರೆಸಿಸ್ಟೆನ್ಸ್ ಅಷ್ಟೇ ಇದ್ದರೆ ಕರೆಂಟ್ ದ್ವಿಗುಣವಾದಾಗ ನಷ್ಟ ನಾಲ್ಕು ಪಟ್ಟು. ಈ ಖರ್ಚು ಟೆಂಡರಿನಲ್ಲೇ ಸೇರಿರಬೇಕು.

ಗ್ರಿಡ್‌ಭಟ್ಟ: ಎಲ್ಲವೂ ಕೊನೆಗೆ ವಿದ್ಯುತ್ ದರ ನಿಗದಿ ಮಾಡುವ ಆಯೋಗ ಕೆಇಆರ್‌ಸಿ ಮುಂದಿನ ದರ ಅರ್ಜಿಗೇ ಬರುತ್ತೆ. ಆಕ್ಷೇಪಣೆ ಹಾಕುವವರು ಬಂಡವಾಳ ವೆಚ್ಚದ ಅನುಬಂಧ ಓದಿ.