ಕುಡಿತ ಬಿಟ್ಟವರ ಸಭೆಗೆ ಅಣ್ಣನನ್ನು ಕರೆದೊಯ್ಯಬೇಕು: ದಾವಣಗೆರೆಯವರು ದಾರಿ ತಿಳಿಸಿ

ಪ್ರಶ್ನೆ: ಚೌಕಿಪೇಟೆಯ ತಮ್ಮ

ಮಾನ್ಯರೇ, ಚೌಕಿಪೇಟೆಯಲ್ಲಿ ಅಂಗಡಿ ನಡೆಸುವ ನನ್ನ ಅಣ್ಣ ಕುಡಿತದ ಚಟಕ್ಕೆ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಕಳೆದ ತಿಂಗಳು ಮನೆಗೆ ಬಂದಿದ್ದಾರೆ. ಮಾತ್ರೆಯ ಜೊತೆಗೆ, ಕುಡಿತ ಬಿಟ್ಟವರು ಸೇರುವ ಸಭೆಗೂ ಹೋಗುತ್ತಿರಬೇಕೆಂದು ಮನೋವೈದ್ಯರು ಹೇಳಿದ್ದಾರೆ. ಅಣ್ಣನಿಗೆ ಮನಸ್ಸಿಲ್ಲವೆಂದಲ್ಲ. ಆದರೆ ಗಡಿಯಾರ ಕಂಬದ ಸುತ್ತಮುತ್ತ ಎಲ್ಲರೂ ಪರಿಚಯದವರೇ ಆಗಿರುವಾಗ, ನಾಲ್ಕು ಜನರೆದುರು ತನ್ನ ಕುಡಿತದ ಕಥೆ ಹೇಳಿಕೊಂಡರೆ ನಾಳೆ ಅಂಗಡಿಯ ಮರ್ಯಾದೆ ಏನಾದೀತು ಎಂಬ ಅಳುಕು ಅವರನ್ನು ಬಿಡುತ್ತಿಲ್ಲ. ಇಂಥ ಸಭೆಯನ್ನು ಹುಡುಕುವುದು ಹೇಗೆ? ಅಲ್ಲಿ ಮಾತನಾಡಲೇಬೇಕೇ? ಇನ್ನೊಂದು ವಿಷಯ: ಅತ್ತಿಗೆಗೆ ಯಾರೋ, ಗೊತ್ತಾಗದಂತೆ ಊಟದಲ್ಲಿ ಬೆರೆಸುವ ಪುಡಿಯೊಂದಿದೆ ಎಂದು ಹೇಳಿದ್ದಾರೆ. ಅದನ್ನು ಕೊಡಬಹುದೇ?

ಉತ್ತರ: ಚಿತ್ರದುರ್ಗದ ಸದಸ್ಯ

ನಾನು ಹಲವು ವರ್ಷಗಳಿಂದ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಿಗೆ ಹೋಗುತ್ತಿದ್ದೇನೆ. ನಮ್ಮಲ್ಲಿ ಎ.ಎ. ಎಂದೇ ಕರೆಯುತ್ತೇವೆ. 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಕುಡಿತಕ್ಕೆ ಸಿಲುಕಿದ್ದ ಒಬ್ಬ ಷೇರು ವ್ಯವಹಾರದವರೂ ಒಬ್ಬ ವೈದ್ಯರೂ ಪರಸ್ಪರ ಕಷ್ಟ ಹೇಳಿಕೊಂಡಿದ್ದರಿಂದ ಇದು ಹುಟ್ಟಿತು; ಇಂದಿಗೂ ಸಭೆಯ ಜೀವಾಳ ಅದೇ. ನಿಮ್ಮ ಅಣ್ಣನವರ ಅಳುಕು ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಆದ್ದರಿಂದ ಮೊದಲು ಅದಕ್ಕೇ ಉತ್ತರಿಸುತ್ತೇನೆ. ಅಲ್ಲಿ ವಿಳಾಸ, ಜಾತಿ, ಉದ್ಯೋಗ ಯಾವುದನ್ನೂ ಯಾರೂ ಕೇಳುವುದಿಲ್ಲ. ಹೆಸರು ಹೇಳಿದರೂ ಮೊದಲ ಹೆಸರಷ್ಟೇ ಸಾಕು. ಒಬ್ಬರು ತಮ್ಮ ಅನುಭವ ಹೇಳುವಾಗ ಉಳಿದವರು ನಡುವೆ ಬಾಯಿ ಹಾಕದೆ ಕೇಳುತ್ತಾರೆ, ಬುದ್ಧಿವಾದಕ್ಕೂ ಇಳಿಯುವುದಿಲ್ಲ. ಸರದಿ ಬಂದಾಗ ‘ಇಂದು ಕೇಳುತ್ತೇನೆ’ ಎಂದರೆ ಅಲ್ಲಿಗೆ ಮುಗಿಯಿತು. ಪರಿಚಯದವರು ಸಿಕ್ಕರೆ ಎಂಬ ಭಯಕ್ಕೆ ನನ್ನ ಉತ್ತರವಿಷ್ಟೇ: ಸಿಕ್ಕವರೂ ಅದೇ ಕಾರಣಕ್ಕೆ ಬಂದಿರುತ್ತಾರೆ, ಅವರಿಗೂ ಕಾಪಾಡಿಕೊಳ್ಳಬೇಕಾದ ಅಂಗಡಿಯೋ ನೌಕರಿಯೋ ಇರುತ್ತದೆ.

ಸೇರಲು ಕುಡಿತ ಬಿಡಬೇಕೆಂಬ ಆಸೆಯೊಂದಿದ್ದರೆ ಸಾಕು. ಶುಲ್ಕವಿಲ್ಲ, ಸದಸ್ಯರು ಇಷ್ಟವಿದ್ದಷ್ಟು ಹಾಕುವ ಹಣದಲ್ಲೇ ಬಾಡಿಗೆ, ಚಹಾ ನಡೆಯುತ್ತದೆ. ನಡುವೆ ಮತ್ತೆ ಕುಡಿದರೂ ಹೊರಹಾಕುವುದಿಲ್ಲ, ಆಗಲೇ ಬರಬೇಕೆಂದು ಹೇಳುತ್ತೇವೆ. ಎ.ಎ. ಭಾರತದ ಜಾಲತಾಣದಲ್ಲಿ ಊರನ್ನು ಆರಿಸಿಕೊಂಡು ಸಭೆಗಳನ್ನು ಹುಡುಕಬಹುದು. ಜಾಗ ಮತ್ತು ಸಮಯ ಬದಲಾಗುತ್ತಿರುವುದರಿಂದ, ಫೋನ್ ಮಾಡಿ ಖಚಿತಪಡಿಸಿಕೊಂಡೇ ಹೊರಡಿ. ಸ್ವಂತ ಊರಿನಲ್ಲಿ ಮುಜುಗರವೆನಿಸಿದರೆ ಮೊದಮೊದಲು ಬೇರೆ ಊರಿನ ಸಭೆಗೆ ಹೋಗಲು ಅಡ್ಡಿಯಿಲ್ಲ. ಫೋನಿನಲ್ಲಿ ಮುಖ ತೋರಿಸದೆಯೇ ಸೇರಬಹುದಾದ ಆನ್‌ಲೈನ್ ಸಭೆಗಳೂ ಇವೆ. ನೀವು ಜೊತೆಗೆ ಹೋಗುವುದಾದರೆ ‘ಮುಕ್ತ ಸಭೆ’ ಯಾವುದೆಂದು ಕೇಳಿ, ಉಳಿದ ಸಭೆಗಳು ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ.

ಉತ್ತರ: ಆಪ್ತಸಮಾಲೋಚಕಿ, ದಾವಣಗೆರೆ

ಆ ಪುಡಿಯನ್ನು ದಯವಿಟ್ಟು ಕೊಡಬೇಡಿ. ಅದರಲ್ಲಿ ಏನಿದೆಯೆಂದು ತಿಳಿಯುವ ಬಗೆಯಿಲ್ಲ. ಡೈಸಲ್ಫಿರಾಮ್‌ನಂಥ ಔಷಧ ಇದ್ದುಬಿಟ್ಟರೆ, ಅದು ಹೊಟ್ಟೆಯಲ್ಲಿರುವಾಗ ಕುಡಿದವರಿಗೆ ಎದೆಬಡಿತ ಏರಿ, ರಕ್ತದೊತ್ತಡ ಕುಸಿದು, ಜೀವಕ್ಕೇ ಅಪಾಯವಾಗಬಹುದು. ಆ ಔಷಧವನ್ನು ವೈದ್ಯರು ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದು, ಪರೀಕ್ಷೆಗಳನ್ನು ಮಾಡಿಸಿದ ಮೇಲಷ್ಟೇ ಕೊಡುತ್ತಾರೆ. ಮೇಲಾಗಿ, ಗುಟ್ಟು ಬಯಲಾದ ದಿನ ಅಣ್ಣನವರಿಗೆ ಮನೆಯ ಊಟದ ಮೇಲಿನ ನಂಬಿಕೆಯೇ ಹೋಗುತ್ತದೆ.

ಇದನ್ನು ಓದುತ್ತಿರುವ ಇತರರಿಗೂ ಒಂದು ಮಾತು. ದಿನವೂ ಹೆಚ್ಚು ಕುಡಿಯುವವರು ಸಭೆಯ ಹುಮ್ಮಸ್ಸಿನಲ್ಲಿ ಒಮ್ಮೆಲೇ ನಿಲ್ಲಿಸಬಾರದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಮೂರು ನಾಲ್ಕನೆಯ ದಿನದ ಹೊತ್ತಿಗೆ ಭ್ರಮೆ ಮತ್ತು ತೀವ್ರ ಗೊಂದಲ ಕಾಣಿಸಿಕೊಳ್ಳಬಹುದು. ಆದ್ದರಿಂದ ಮೊದಲು ವೈದ್ಯರು, ಆಮೇಲೆ ಸಭೆ. ನಮ್ಮ ಚಿಗಟೇರಿ ಜಿಲ್ಲಾಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ ವಿಚಾರಿಸಬಹುದು. ಹೊತ್ತಲ್ಲದ ಹೊತ್ತಿನಲ್ಲಿ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಹೇಳುತ್ತದೆ. ಕುಡಿತದಿಂದ ಬರುವ ಮಾನಸಿಕ ತೊಂದರೆಗಳೂ ಅದರ ವ್ಯಾಪ್ತಿಗೆ ಬರುತ್ತವೆ.

ಉತ್ತರ: ಹೊಸದುರ್ಗದ ಹಿರಿಯ

ಇನ್ನೊಂದು ದಾರಿಯೂ ಇದೆ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಜನಜಾಗೃತಿ ವೇದಿಕೆಯ ಜೊತೆಗೂಡಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತಾರೆ, ಶಿಬಿರ ಮುಗಿಸಿದವರಿಗೆ ನವಜೀವನ ಸಮಿತಿಗಳಿವೆ. ತಾಲ್ಲೂಕಿನ ಯೋಜನಾ ಕಚೇರಿಯಲ್ಲಿ ಕೇಳಿದರೆ ತಿಳಿಸುತ್ತಾರೆ. ಭಜನೆ, ಊರವರ ಬೆಂಬಲ ಇವುಗಳಿಂದ ಧೈರ್ಯ ಬರುವ ಸ್ವಭಾವದವರಿಗೆ ಇದು ಒಗ್ಗುತ್ತದೆ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಜನರ ಚಟಗಳನ್ನೇ ಭಿಕ್ಷೆಯಾಗಿ ಬೇಡುತ್ತಿದ್ದುದನ್ನು ನಮ್ಮ ಸೀಮೆಯವರು ಬಲ್ಲರು. ಅವರ ಜನ್ಮದಿನವಾದ ಆಗಸ್ಟ್ 1 ಈಗ ವ್ಯಸನಮುಕ್ತ ದಿನ. ಆದರೆ ಹತ್ತು ಜನರ ಕಣ್ಣಿಗೆ ಬೀಳುವುದೇ ಕಷ್ಟವೆನ್ನುವ ನಿಮ್ಮ ಅಣ್ಣನವರಿಗೆ ಸದ್ಯ ಚಿಕ್ಕ ಸಭೆಯೇ ಮೇಲೆಂದು ನನಗನ್ನಿಸುತ್ತದೆ.

ಚೌಕಿಪೇಟೆಯ ತಮ್ಮ

ಎಲ್ಲರಿಗೂ ಕೃತಜ್ಞತೆಗಳು. ಮೇಲಿನದನ್ನೆಲ್ಲ ಅಣ್ಣನಿಗೆ ಓದಿ ಹೇಳಿದೆ. ಮೊದಲು ಆನ್‌ಲೈನ್ ಸಭೆಯಲ್ಲಿ ಕೇಳಿಸಿಕೊಳ್ಳಲು ಒಪ್ಪಿದ್ದಾರೆ. ಅತ್ತಿಗೆಯೂ ಪುಡಿಯ ಯೋಚನೆ ಬಿಟ್ಟಿದ್ದಾರೆ, ಆದರೆ ರಾತ್ರಿ ನಿದ್ದೆಯಿಲ್ಲದೆ ಸೊರಗಿದ್ದಾರೆ. ಅವರಿಗೂ ಇಂಥದ್ದೇನಾದರೂ ಇದೆಯೇ?

ಚಿತ್ರದುರ್ಗದ ಸದಸ್ಯ

ಇದೆ. ಕುಡಿತದ ಸಮಸ್ಯೆ ಇರುವವರ ಮನೆಯವರಿಗಾಗಿ ಅಲ್-ಅನಾನ್ ಎಂಬ ಬೇರೆಯದೇ ಕೂಟವಿದೆ, ಅದಕ್ಕೂ ಆನ್‌ಲೈನ್ ಸಭೆಗಳಿವೆ. ಅಣ್ಣನವರು ತಮ್ಮ ಸಭೆಗೆ ಹೋದರೂ ಹೋಗದಿದ್ದರೂ ಅತ್ತಿಗೆಯವರು ಅಲ್ಲಿ ಸೇರಬಹುದು, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಸಭೆಯ ಹೊತ್ತಿನಲ್ಲಿ ಮಕ್ಕಳನ್ನು ನೀವು ನೋಡಿಕೊಂಡರೆ ಅವರು ನೆಮ್ಮದಿಯಿಂದ ಕೂರಬಲ್ಲರು.