ಆಲಿಕಲ್ಲಿಗೆ ಒಡೆದ ಹಳೇ ಸಿಮೆಂಟ್ ಶೀಟ್ ಇಳಿಸಬೇಕು, ಧೂಳಿನ ಭಯ ನಿಜವಾ?

ಶಿಡ್ಲಘಟ್ಟ_ರೇಷ್ಮೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ. ರೇಷ್ಮೆ ಹುಳು ಸಾಕುವ ಮನೆಗೂ ಅದಕ್ಕೆ ಅಂಟಿಕೊಂಡ ಅಡುಗೆಮನೆಗೂ ಸಿಮೆಂಟ್ ಶೀಟ್ ಇದೆ, ಅಪ್ಪ ಹಾಕಿಸಿದ್ದು, 25 ವರ್ಷದ ಮೇಲಾಗಿದೆ. ಹೋದ ವಾರದ ಆಲಿಕಲ್ಲು ಮಳೆಗೆ ಕೆಲವು ತೂತಾಗಿವೆ, ಕೆಲವು ಉದ್ದಕ್ಕೆ ಸೀಳಿವೆ. ಎಲ್ಲಾ ಇಳಿಸಿಬಿಡೋಣ ಅಂತ ಮೇಸ್ತ್ರಿಯನ್ನು ಕರೆಸಿದೆ. ಅವರು, ಸುತ್ತಿಗೆಯಲ್ಲಿ ಹೊಡೆದು ಬೀಳಿಸಿದರೆ ಒಂದೇ ದಿನದ ಕೆಲಸ, ಚೂರನ್ನು ತೋಟದ ದಾರಿಯ ಗುಂಡಿಗೆ ತುಂಬಬಹುದು ಎಂದರು. ಬೆಂಗಳೂರಲ್ಲಿರುವ ತಂಗಿಗೆ ಫೋನಲ್ಲಿ ಹೇಳಿದರೆ, ಅಣ್ಣ ಅದು ಕಲ್ನಾರು (ಆಸ್ಬೆಸ್ಟಾಸ್) ಶೀಟು, ಆ ಧೂಳು ಕುಡಿದರೆ ಕ್ಯಾನ್ಸರ್ ಬರುತ್ತದೆ, ಯಾರೂ ಮುಟ್ಟಬೇಡಿ ಅಂತ ಒಂದೇ ಸಮನೆ ಹೇಳಿದಳು. ನನ್ನ ಹೆಂಡತಿ ಈಗ ಬಸುರಿ, ಅಮ್ಮನಿಗೆ ಉಬ್ಬಸ. ಇಷ್ಟು ವರ್ಷ ಅದರ ಕೆಳಗೇ ಅಡುಗೆ ಮಾಡಿ ಮಲಗಿದ್ದೇವಲ್ಲ, ಅದರ ಗತಿಯೇನು? ಈಗ ಇಳಿಸುವುದು ಹೇಗೆ? ಗೊತ್ತಿರುವವರು ಹೇಳಿ.

ಮಾಲೂರು_ಹುಡುಗ:

ಅಣ್ಣ, ಸುಮ್ನೆ ಹೆದರಬೇಡಿ. ಕೋಲಾರ ಚಿಕ್ಕಬಳ್ಳಾಪುರ ಕಡೆ ಕೊಟ್ಟಿಗೆ, ಹುಳು ಮನೆ, ಅಂಗಡಿ ಎಲ್ಲಾ ಶೀಟೇ ಅಲ್ವಾ. ನಮ್ಮ ಅಜ್ಜಿ ಶೀಟ್ ಮನೆಯಲ್ಲೇ ಇದ್ದು 80 ದಾಟಿದರು. ಅಷ್ಟು ಅಪಾಯ ಇದ್ದರೆ ಸರ್ಕಾರ ಅಂಗಡಿಯಲ್ಲಿ ಮಾರಲು ಬಿಡುತ್ತಿತ್ತಾ?

ಗೌರಿಬಿದನೂರು_ಸೇಫ್ಟಿ:

ಕಾರ್ಖಾನೆಗಳಲ್ಲಿ ಸುರಕ್ಷತೆ ನೋಡಿಕೊಳ್ಳುವ ಕೆಲಸ ನನ್ನದು. ಮಾಲೂರಿನ ತಮ್ಮ ಹೇಳಿದ್ದರಲ್ಲಿ ಅರ್ಧ ಸರಿ. ಗಟ್ಟಿಯಾಗಿ ಇಡಿಯಾಗಿರುವ ಶೀಟಿನ ಕೆಳಗೆ ಇದ್ದ ಮಾತ್ರಕ್ಕೆ ದಿನಾ ಧೂಳು ಕುಡಿದ ಹಾಗಲ್ಲ. ಈ ಶೀಟಿನಲ್ಲಿ ನೂರಕ್ಕೆ ಸುಮಾರು 8ರಿಂದ 10 ಭಾಗ ಬಿಳಿ ಕಲ್ನಾರು ಇರುತ್ತದೆ, ಉಳಿದದ್ದು ಬಹುಪಾಲು ಸಿಮೆಂಟು. ಸಿಮೆಂಟ್ ಅದನ್ನು ಹಿಡಿದುಕೊಂಡಿರುತ್ತದೆ. ಕತ್ತರಿಸಿದಾಗ, ಕೊರೆದಾಗ, ಉಜ್ಜಿದಾಗ, ಒಡೆದು ಪುಡಿ ಮಾಡಿದಾಗ ನಾರು ಗಾಳಿಗೆ ಬರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದು, ಶ್ವಾಸಕೋಶದ ಆಳಕ್ಕೆ ಹೋಗಿ ವರ್ಷಗಟ್ಟಲೆ ಅಲ್ಲೇ ಕೂರುತ್ತದೆ.

"ಯಾರಿಗೂ ಏನೂ ಆಗಿಲ್ಲ" ಅನ್ನಿಸುವುದಕ್ಕೆ ಕಾರಣವೇ ಇದು: ಕಾಯಿಲೆ ಕಾಣಿಸಿಕೊಳ್ಳುವುದು ಬಹಳ ತಡವಾಗಿ. ಶ್ವಾಸಕೋಶದ ಹೊರಪೊರೆಗೆ ಬರುವ ಮೆಸೊಥೆಲಿಯೋಮಾ ಅನ್ನುವ ಕ್ಯಾನ್ಸರ್ ಸಾಮಾನ್ಯವಾಗಿ 20ರಿಂದ 40 ವರ್ಷ ಆದ ಮೇಲೆ ಬರುತ್ತದೆ. ಇವತ್ತು ಶೀಟ್ ಕತ್ತರಿಸಿದ ಹುಡುಗನಿಗೆ ಮುದುಕನಾದಾಗ ಬಂದರೆ ಅದನ್ನು ಯಾರು ಈ ಕೆಲಸಕ್ಕೆ ಜೋಡಿಸುತ್ತಾರೆ ಹೇಳಿ? ಬಿಳಿಯದೂ ಸೇರಿ ಎಲ್ಲಾ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಬೀಡಿ ಸಿಗರೇಟು ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಇನ್ನೂ ಎಷ್ಟೋ ಜಾಸ್ತಿ.

ಸರ್ಕಾರದ ವಿಷಯ. ಹೊಸ ಕಲ್ನಾರು ಗಣಿ ಗುತ್ತಿಗೆ ಕೊಡುವುದನ್ನು ನಮ್ಮ ದೇಶ 1986ರಲ್ಲೇ ನಿಲ್ಲಿಸಿತು. ಆದರೆ ರಷ್ಯಾ, ಕಜಕಿಸ್ತಾನದಿಂದ ತರಿಸಿ ಶೀಟ್ ಮಾಡುವುದು ಇವತ್ತಿಗೂ ನಡೆಯುತ್ತಿದೆ. 50ಕ್ಕೂ ಹೆಚ್ಚು ದೇಶಗಳು ಪೂರ್ತಿ ನಿಷೇಧಿಸಿವೆ. ಅಮೆರಿಕ ಬಿಳಿ ಕಲ್ನಾರನ್ನು 2024ರಲ್ಲಿ ನಿಷೇಧಿಸಿತು. ಇಲ್ಲಿ ಅಗ್ಗದ ಚಾವಣಿ ಅಂತ ಬಿಟ್ಟಿದ್ದಾರೆ, ಅದರ ಬೆಲೆ ತೆರುವವರು ಶೀಟ್ ಕೆಲಸದ ಕೂಲಿಯವರು. ನನಗೆ ಇದರಷ್ಟು ಸಂಕಟ ಕೊಡುವ ವಿಷಯ ಇನ್ನೊಂದಿಲ್ಲ.

ಆದ್ದರಿಂದ ಅಣ್ಣ, ಇಷ್ಟು ವರ್ಷದ್ದನ್ನು ನೆನೆದು ನಿದ್ದೆ ಕೆಡಿಸಿಕೊಳ್ಳಬೇಡಿ. ಆ ಸುತ್ತಿಗೆ ಕೆಲಸ ಮಾತ್ರ ಖಂಡಿತ ಬೇಡ. ಕೆಲಸದ ದಿನ ಮನೆಯವರನ್ನೂ ಅಮ್ಮನನ್ನೂ ನೆಂಟರ ಮನೆಗೆ ಕಳಿಸಿ. ಪಾತ್ರೆ, ಹುಳು ಸಾಕುವ ತಟ್ಟೆ, ಗೂಡು ಕಟ್ಟಿಸುವ ಚಂದ್ರಿಕೆ ಎಲ್ಲಾ ಮೊದಲೇ ಹೊರಗೆ ಸಾಗಿಸಿ. ಗ್ರೈಂಡರ್ ಅಂತೂ ಹತ್ತಿರ ತರಬೇಡಿ.

ಚಿಂತಾಮಣಿ_ಫಿಟ್ಟರ್:

ನಾನು ಶೀಟ್ ಕೆಲಸದವನು. ಸೇಫ್ಟಿ ಸರ್ ಹೇಳಿದ್ದು ಒಪ್ಪುತ್ತೇನೆ, ಆದರೆ ಧೂಳಿಗಿಂತ ಮೊದಲು ಬೀಳುವುದನ್ನು ನೋಡಿಕೊಳ್ಳಿ. ಹಳೇ ಶೀಟ್ ಮೇಲಿನಿಂದ ಗಟ್ಟಿಯಾಗಿ ಕಾಣುತ್ತದೆ, ಕಾಲಿಟ್ಟರೆ ಹಪ್ಪಳದ ಹಾಗೆ ಮುರಿಯುತ್ತದೆ. ಆಲಿಕಲ್ಲು ಬಿದ್ದದ್ದಂತೂ ಕೇಳಲೇಬೇಡಿ. ಹಾಗೆ ಕೆಳಗೆ ಬಿದ್ದು ಸೊಂಟ ಮುರಿದುಕೊಂಡವರು ನಮ್ಮ ಕಸುಬಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಶೀಟ್ ಮೇಲೆ ಯಾರೂ ಹತ್ತಬಾರದು. ಒಳಗಡೆಯಿಂದ ಸಾರುವೆ ಕಟ್ಟಿ ಕೆಲಸ ಮಾಡಿ. ಮೇಲೆ ಹೋಗಲೇಬೇಕಾದರೆ ಅಡ್ಡ ಪೈಪಿನಿಂದ ಅಡ್ಡ ಪೈಪಿಗೆ ದಪ್ಪ ಹಲಗೆ ಹಾಕಿ ಅದರ ಮೇಲೆ ಮಾತ್ರ ನಡೆಯಬೇಕು.

ಧೂಳು ಏಳದ ಹಾಗೆ ಶೀಟನ್ನು ಒದ್ದೆ ಮಾಡುವಾಗ ಇಡೀ ಚಾವಣಿಗೆ ಪೈಪಲ್ಲಿ ಜೋರಾಗಿ ನೀರು ಬಿಡಬೇಡಿ, ಜಾರುತ್ತದೆ, ಪುಡಿ ಕೊಚ್ಚಿಕೊಂಡು ಅಂಗಳಕ್ಕೂ ಬರುತ್ತದೆ. ಕೈಯಲ್ಲಿ ಹೊಡೆಯುವ ಸ್ಪ್ರೇ ಪಂಪಲ್ಲಿ ಸ್ವಲ್ಪ ಸೋಪು ನೀರು ಹಾಕಿಕೊಂಡು, ಬೋಲ್ಟ್ ಸುತ್ತ, ಸೀಳಿದ ಅಂಚಿಗೆ ಚಿಮುಕಿಸಿ. ಜೆ ಬೋಲ್ಟ್ ತುಕ್ಕು ಹಿಡಿದಿದ್ದರೆ ಬೋಲ್ಟನ್ನೇ ಕತ್ತರಿಸಿ, ಶೀಟನ್ನಲ್ಲ. ಒಂದೊಂದೇ ಶೀಟನ್ನು ಇಬ್ಬರು ಹಿಡಿದು ಇಡಿಯಾಗಿ ಇಳಿಸಿ, ಎಸೆಯಬೇಡಿ. ನಮ್ಮ ಹುಡುಗರು ಟವೆಲ್ ಕಟ್ಟಿಕೊಂಡರೆ ಸಾಕು ಅನ್ನುತ್ತಾರೆ, ಅದು ಏನೂ ತಡೆಯುವುದಿಲ್ಲ.

ಬಾಗೇಪಲ್ಲಿ_ನರ್ಸ್:

ಮಾಸ್ಕ್ ಬಗ್ಗೆ ಒಂದು ಮಾತು. ಸರ್ಜಿಕಲ್ ಮಾಸ್ಕ್ ಬೇಡ. ಪಿ100 ಫಿಲ್ಟರಿನ ಮಾಸ್ಕೇ ಬೇಕು, ಕಲ್ನಾರಿಗೆ ಎನ್95 ಸಾಲದು, ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂರಬೇಕು. ಗಡ್ಡ ಇದ್ದರೆ ಸಂದಿಯಲ್ಲಿ ಗಾಳಿ ನುಗ್ಗುತ್ತದೆ. ಕೆಲಸದ ಬಟ್ಟೆಯನ್ನು ಮನೆಯೊಳಗೆ ತಂದು ಕೊಡವಬೇಡಿ. ಕಲ್ನಾರು ಕಾರ್ಮಿಕರ ಬಟ್ಟೆ ಒಗೆದ ಹೆಂಡತಿಯರಿಗೇ ಮೆಸೊಥೆಲಿಯೋಮಾ ಬಂದದ್ದು ಬೇರೆ ದೇಶಗಳಲ್ಲಿ ದಾಖಲಾಗಿದೆ. ಅಲ್ಲೇ ಒದ್ದೆ ಮಾಡಿ, ಬೇರೆಯಾಗಿ ಒಗೆಯಿರಿ. ಹಳೇ ಬಟ್ಟೆಯಾದರೆ ಶೀಟಿನ ಜೊತೆಗೇ ಕಟ್ಟಿ ಹಾಕಿ.

ಚಿಂತಾಮಣಿ ಅಣ್ಣ, ನಿಮಗೇ ಒಂದು ಮಾತು ಹೇಳಬೇಕು. ವರ್ಷಗಟ್ಟಲೆ ಶೀಟ್ ಕತ್ತರಿಸಿದವರಿಗೆ ಒಣ ಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು ಇದ್ದರೆ ಡಾಕ್ಟರಿಗೆ ನಿಮ್ಮ ಕಸುಬು ಏನು ಅಂತ ಬಾಯಿ ಬಿಟ್ಟು ಹೇಳಬೇಕು. ಹೇಳದೇ ಇದ್ದರೆ ಟಿಬಿ ಅಂತಲೇ ಮಾತ್ರೆ ನುಂಗಿಸಿಬಿಡುವುದುಂಟು. ಕಲ್ಲು ಕ್ರಷರ್ ಕೆಲಸದವರಿಗೂ ಹೀಗೇ ಆಗುತ್ತದೆ. ಕೆಲಸದಿಂದ ಬರುವ ಕಾಯಿಲೆಗಳ ಬಗ್ಗೆ ಅಧ್ಯಯನ ಮಾಡುವ ಐಸಿಎಂಆರ್ (ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ) ಕೇಂದ್ರ ದೇವನಹಳ್ಳಿ ಕಡೆಯೇ ಇದೆ, ನಿಮ್ಮ ಡಾಕ್ಟರ್ ಅಲ್ಲಿ ವಿಚಾರಿಸಬಹುದು. ಇಎಸ್‌ಐ (ಕಾರ್ಮಿಕರ ವಿಮೆ) ಇರುವವರಿಗೆ ಕಲ್ನಾರಿನ ಶ್ವಾಸಕೋಶದ ಕಾಯಿಲೆ ಕೆಲಸದಿಂದ ಬಂದದ್ದು ಅಂತ ಪರಿಹಾರ ಕೇಳುವ ಹಕ್ಕೂ ಇದೆ.

ಶಿಡ್ಲಘಟ್ಟ_ರೇಷ್ಮೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಸ್ತ್ರಿಗೆ ಈ ಮಾತೆಲ್ಲಾ ಓದಿ ಹೇಳಿದೆ. ಎರಡು ದಿನದ ಕೂಲಿ ಕೊಟ್ಟರೆ ಬಿಚ್ಚಿಯೇ ಇಳಿಸುತ್ತೇವೆ ಎಂದರು, ಒಪ್ಪಿಕೊಂಡೆ. ಇಳಿಸಿದ ಶೀಟ್ ಎಲ್ಲಿ ಹಾಕಲಿ? ಹುಳು ನಾಲ್ಕನೇ ಜ್ವರದಲ್ಲಿವೆ (ಪೊರೆ ಕಳಚುವ ಹಂತ), ಗೂಡು ಮಾರ್ಕೆಟ್‌ಗೆ ಹೋಗುವವರೆಗೆ ಕೆಲಸ ಹಿಡಿಯಲು ಆಗುವುದಿಲ್ಲ. ಅಲ್ಲಿಯವರೆಗೆ ಏನು ಮಾಡಲಿ?

ಗೌರಿಬಿದನೂರು_ಸೇಫ್ಟಿ:

ಕಾರ್ಖಾನೆಗಳ ಅಪಾಯಕಾರಿ ತ್ಯಾಜ್ಯಕ್ಕೆ ದಾಬಸ್‌ಪೇಟೆ ಹತ್ತಿರ ಘಟಕ ಇದೆ, ಹಳ್ಳಿ ಮನೆಗೆ ಅಂಥ ಅನುಕೂಲ ಮಾಡಿಕೊಟ್ಟಿಲ್ಲ. ಮಾಡಬೇಕಿತ್ತು. ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಟೇಪ್ ಹಾಕಿ ಒಂದು ಕಡೆ ಜೋಡಿಸಿಡಿ, ಪಂಚಾಯಿತಿ ಪಿಡಿಒಗೆ ಅರ್ಜಿ ಬರೆದು ಜಾಗ ಕೇಳಿ. ದಾರಿಯ ಗುಂಡಿಗೆ ಮಾತ್ರ ಬೇಡ, ಟ್ರ್ಯಾಕ್ಟರ್ ಓಡಾಡಿದಷ್ಟೂ ಪುಡಿಯಾಗಿ ಏಳುತ್ತದೆ. ಯಾರಾದರೂ ಕೊಟ್ಟಿಗೆಗೆ ಕೇಳಿದರೂ ಕೊಡಬೇಡಿ, ಅವರು ಅಳತೆಗೆ ಕತ್ತರಿಸುತ್ತಾರೆ.

ಅಲ್ಲಿಯವರೆಗೆ ಟಾರ್ಪಾಲ್ ಸಾಕು. ಅದಕ್ಕಾಗಿ ಶೀಟಿಗೆ ತೂತು ಕೊರೆಯಬೇಡಿ, ಹಗ್ಗವನ್ನು ಗೋಡೆಯ ಗೂಟಕ್ಕೆ ಬಿಗಿಯಿರಿ. ಅಡುಗೆಮನೆಯಲ್ಲಿ ಬಿದ್ದಿರುವ ಚೂರನ್ನು ಪೊರಕೆಯಲ್ಲಿ ಗುಡಿಸದೆ ನೀರು ಚಿಮುಕಿಸಿ ಎತ್ತಿ, ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನೂ ಕವರಿಗೆ ಹಾಕಿ ಕಟ್ಟಿಬಿಡಿ.

ಚಿಂತಾಮಣಿ_ಫಿಟ್ಟರ್:

ಮುಖ್ಯವಾದದ್ದು ಒಂದು ಬಿಟ್ಟುಹೋಯಿತು. ನೀರು ಚಿಮುಕಿಸುವ ಪಂಪು ಟೊಮೆಟೊಗೆ ಔಷಧಿ ಹೊಡೆದದ್ದಾಗಿರಬಾರದು. ಅದರ ವಾಸನೆ ತಾಗಿದರೂ ಸಾಕು, ನಿಮ್ಮ ಮುಂದಿನ ಬೆಳೆಯ ಹುಳು ಹೋಗುತ್ತವೆ. ಹೊಸದೇ ತನ್ನಿ.